ಒಮಾಮೊರಿ, ಥಾಯ್ ಬಿಲ್ಲೆ, ಟಿಬೆಟಿನ ದಾರ, ಲೋಹದ ತಾಯತ: ಧರಿಸಿ ನೋಡಿದ ಹೋಲಿಕೆ

ತಾಯತ ಫಲ ಕೊಡುತ್ತದಾ ಇಲ್ಲವಾ ಅನ್ನೋ ವಾದ ಇಲ್ಲಿ ಬೇಡ. ಅದನ್ನು ಅಳೆಯೋದು ನನ್ನ ಕೈಲಾಗದ ಕೆಲಸ. ದಿನವೂ ಜೊತೆಗಿಟ್ಟುಕೊಂಡರೆ ಯಾವುದು ಹಿತ, ಯಾವುದು ಕಿರಿಕಿರಿ, ಅದರ ಕಟ್ಟುಪಾಡು ಎಷ್ಟು ಅನ್ನೋದನ್ನು ಮಾತ್ರ ನೋಡಿದ್ದೇನೆ.

ಜಪಾನಿನ ಒಮಾಮೊರಿ ಎಲ್ಲಕ್ಕಿಂತ ಸಲೀಸು. ಅಂಗೈಯಲ್ಲಿ ಅಡಗುವ ಜರಿ ಬಟ್ಟೆಯ ಚೀಲ, ಒಳಗೆ ಪ್ರಾರ್ಥನೆ ಬರೆದ ಕಾಗದ ಅಥವಾ ಮರದ ಚೂರು. ಬಿಚ್ಚಿ ನೋಡುವಂತಿಲ್ಲ. ಬ್ಯಾಗಿಗೆ ಕಟ್ಟಿಕೊಂಡರೆ ಸಾಕು. ಪರೀಕ್ಷೆಗೆ ಒಂದು, ಹೆರಿಗೆಗೆ ಒಂದು, ವಾಹನಕ್ಕೆ ಇನ್ನೊಂದು. ಓದಿಗಾದರೆ ಕ್ಯೋಟೊದ ಕಿತಾನೊ ತೆನ್ಮಂಗು ದೇಗುಲಕ್ಕೆ ಅಥವಾ ದಝೈಫು ಊರಿನ ದೇಗುಲಕ್ಕೆ ಹೋಗುತ್ತಾರೆ. 903ರಲ್ಲಿ ತೀರಿಕೊಂಡ ವಿದ್ವಾಂಸ ಸುಗವಾರಾ ನೋ ಮಿಚಿಝಾನೆಯೇ ಅಲ್ಲಿ ದೇವರು. ಬೆಲೆ ಸಾಮಾನ್ಯವಾಗಿ 500ರಿಂದ 1,000 ಯೆನ್. ವರ್ಷ ಕಳೆದ ಮೇಲೆ ದೇಗುಲಕ್ಕೆ ವಾಪಸ್ ಕೊಡುವುದು ವಾಡಿಕೆ, ಅಲ್ಲಿ ಅದನ್ನು ಶಾಸ್ತ್ರೋಕ್ತವಾಗಿ ಸುಡುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಹಳೇ ವರ್ಷದ ಭಯವನ್ನು ಹೊಸ ವರ್ಷಕ್ಕೆ ಹೊತ್ತುಕೊಂಡು ಹೋಗಬೇಕಿಲ್ಲ ಅಲ್ವಾ? ಮಳೆಯಲ್ಲಿ ನೆನೆದರೆ ಮಾತ್ರ ಬಟ್ಟೆ ಬೇಗ ಮಾಸುತ್ತದೆ.

ಥಾಯ್ಲೆಂಡಿನ ಫ್ರಾ ಕ್ರುಯಾಂಗ್ ಇದಕ್ಕೆ ಪೂರ್ತಿ ಉಲ್ಟಾ. ಮಣ್ಣು, ಮಂತ್ರಿಸಿದ ಪುಡಿ ಅಥವಾ ಲೋಹದಲ್ಲಿ ಅಚ್ಚು ಹಾಕಿದ ಚಿಕ್ಕ ಬುದ್ಧನ ಬಿಲ್ಲೆ. ಹಳೆಯದಾದಷ್ಟೂ ಬೆಲೆ ಜಾಸ್ತಿ. ಬ್ಯಾಂಕಾಕಿನ ವಾಟ್ ರಖಾಂಗ್‌ನಲ್ಲಿದ್ದ ಭಿಕ್ಷು ಸೋಮ್ದೆತ್ ತೋ (1788-1872) ಮಾಡಿಸಿದ ಬಿಲ್ಲೆಗಳು ಥಾಯ್ ಹಣದಲ್ಲಿ ಹಲವು ದಶಲಕ್ಷ ಬಾತ್‌ಗೆ ಹೋಗುತ್ತವೆ. ಥಾ ಫ್ರಾ ಚಾನ್ ಸಂತೆಯಲ್ಲಿ ಜನ ಭೂತಗನ್ನಡಿ ಹಿಡಿದು ಬಿಲ್ಲೆ ಪರೀಕ್ಷಿಸುವುದನ್ನು ನೋಡಿದರೆ ವಜ್ರದ ವ್ಯಾಪಾರ ನೆನಪಾಗುತ್ತದೆ. 2006-07ರಲ್ಲಿ ಜತುಕಾಮ್ ರಾಮತೇಪ್ ಎಂಬ ದೇವರ ಬಿಲ್ಲೆಗಳ ಹುಚ್ಚು ದೇಶವನ್ನೇ ಹಿಡಿಯಿತು. ನಖೋನ್ ಸಿ ತಮ್ಮರಾತ್‌ನಲ್ಲಿ ಅದಕ್ಕಾಗಿ ನಡೆದ ನೂಕುನುಗ್ಗಲಲ್ಲಿ ಒಬ್ಬ ಮಹಿಳೆ ಸತ್ತರು. ರಕ್ಷೆಗೆ ಬಂದವರ ಪಾಡು!

ನನ್ನದು ಅಗ್ಗದ ಹೊಸ ಬಿಲ್ಲೆ. ಆದರೂ ಕಂಡವರೆಲ್ಲ ಯಾವ ಗುರುಗಳದ್ದು, ಯಾವ ಇಸವಿಯದ್ದು ಅಂತ ಕೇಳೋದು ತಪ್ಪಲಿಲ್ಲ. ಸೊಂಟದ ಕೆಳಗೆ ಇಳಿಯಬಾರದು, ಹಾಗಾಗಿ ಪ್ಯಾಂಟಿನ ಜೇಬೂ ಇಲ್ಲ. ಕೊರಳಿಗೆ ಹಾಕಿಕೊಂಡು ಮಲಗಿದಾಗ ಬಿಲ್ಲೆ ಇಟ್ಟ ಡಬ್ಬಿಯ ಅಂಚು ಎದೆಗೆ ಒತ್ತುತ್ತದೆ. ಚೆಂದ ಅಂದರೆ ಇದೇ ಚೆಂದ, ಆದರೆ ದಿನಬಳಕೆಗೆ ಅಲ್ಲ.

ನಾನು ಆರಿಸೋದು ಟಿಬೆಟಿನ ಸುಂಗ್ದು. ಲಾಮಾ ಗಂಟು ಹಾಕಿ, ಮಂತ್ರ ಊದಿ ಕೊಡುವ ದಾರ, ಹೆಚ್ಚಾಗಿ ಕೆಂಪು. ಭಾರವಿಲ್ಲ, ಮಾರುಕಟ್ಟೆ ಬೆಲೆ ಅನ್ನೋದೂ ಇಲ್ಲ, ಕಾಣಿಕೆ ನಿಮ್ಮಿಷ್ಟ. ಕೊರಳಿಗೆ ಕಟ್ಟಿದ್ದು ಮರೆತೇ ಹೋಗುತ್ತದೆ. ಸವೆದು ಬಿದ್ದರೆ ತುಳಿಯುವ ಜಾಗದಲ್ಲಿ ಎಸೆಯದೆ ಸುಟ್ಟರಾಯಿತು. ಬೆವರಿಗೆ ಬಣ್ಣ ಬಿಡುತ್ತದೆ, ಬಿಳಿ ಅಂಗಿಯ ಕಾಲರು ಜೋಪಾನ. ಇದರ ದೊಡ್ಡಣ್ಣ ಗಾವು, ಅಂದರೆ ಒಳಗೆ ರಕ್ಷೆ ಇಟ್ಟುಕೊಳ್ಳುವ ಲೋಹದ ಡಬ್ಬಿ. ಅದು ಪ್ರಯಾಣಕ್ಕೆ ಸರಿ, ಕಚೇರಿಗೆ ಅತಿಯಾಯಿತು.

ದಕ್ಷಿಣ ಏಷ್ಯಾದ ಲೋಹದ ತಾಯತದಲ್ಲಿ ಹೊರಗಿನ ಕೊಳವೆ ಒಂದೇ, ಒಳಗಿನದ್ದು ಬೇರೆ. ಹಿಂದೂಗಳಲ್ಲಿ ಯಂತ್ರ ಕೊರೆದ ತಗಡು, ಮುಸ್ಲಿಮರಲ್ಲಿ ಕುರ್‌ಆನ್ ವಚನ. ಬರೀ ಕುರ್‌ಆನ್ ವಚನ ಇದ್ದರೆ ಸರಿ ಅನ್ನುವ ಉಲೇಮಾಗಳೂ (ಇಸ್ಲಾಂ ಧರ್ಮದ ವಿದ್ವಾಂಸರು) ಇದ್ದಾರೆ, ತಾಯತವೇ ಸಲ್ಲದು ಅನ್ನುವವರೂ ಇದ್ದಾರೆ. ತೋಳಿಗೆ ಕಟ್ಟಿದರೆ ಯಾರಿಗೂ ಕಾಣದು, ಅದು ಇದರ ದೊಡ್ಡ ಅನುಕೂಲ. ಆದರೆ ತಾಮ್ರದ್ದಾದರೆ ಬೆವರಿದಾಗ ಚರ್ಮದ ಮೇಲೆ ಹಸಿರು ಕಲೆ. ಬೆಳ್ಳಿಯದ್ದೇ ತಗೊಳ್ಳಿ.

ಮಕ್ಕಳಿಗಾದರೆ ನನ್ನ ಲೆಕ್ಕ ಬೇರೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸದ ಅಂಶ ಹೆಚ್ಚಿತ್ತು. ಹುಡುಕಿದಾಗ ಸಿಕ್ಕಿದ್ದು ಮಗು ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಂಬೋಡಿಯಾದ ತಾಯತದ ಮಣಿಗಳು. ಕೊರಳಿನ ದಾರ ಬಿಗಿದುಕೊಳ್ಳುವ ಅಪಾಯವೂ ಇದೆ. ಕೂಸಿಗೆ ತಾಯತ ಬೇಕೇ ಬೇಕು ಅಂದರೆ ಅದರ ಕೈಗೆಟುಕದಂತೆ ತೊಟ್ಟಿಲಿನಿಂದ ದೂರ, ಗೋಡೆಗೆ ನೇತುಹಾಕಿ.