ಶನಿವಾರದ ಸುತ್ತಾಟ: ಲೈಬ್ರರಿಗೆ ಪೂರ್ತಿ ಅಂಕ, ವಿಟ್ಲಪಿಂಡಿಗೆ ಅರ್ಧ

ಉಡುಪಿಯಲ್ಲಿ ನಮ್ಮ ಮನೆ ಹತ್ತಿರ ಇಬ್ಬರು ನಿವೃತ್ತ ಟೀಚರುಗಳು ಶನಿವಾರ ಮಧ್ಯಾಹ್ನ ಮಕ್ಕಳನ್ನು ಊರು ಸುತ್ತಿಸಲು ಕರೆದುಕೊಂಡು ಹೋಗುತ್ತಾರೆ. ಒಂದು ಸಲಕ್ಕೆ 200 ರೂಪಾಯಿ. ಬಸ್ ಟಿಕೆಟು, ಒಂದು ಪ್ಲೇಟ್ ಗೋಳಿಬಜೆ ಅದರಲ್ಲೇ ಬಂತು. ಮನೆಯವರು ಒಬ್ಬರು ಜೊತೆಗೆ ಹೋಗಬಹುದು. ಮಗಳಿಗೂ ಅಳಿಯನಿಗೂ ಶನಿವಾರ ಡ್ಯೂಟಿ. ಹಾಗಾಗಿ ನಾಲ್ಕನೇ ಕ್ಲಾಸಿನ ಮೊಮ್ಮಗನ ಜೊತೆ ನಾನು. ನಾನು ಸರ್ವೀಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ತಲೆ ಎಣಿಸುವುದು, ಚಿಲ್ಲರೆ ನೋಡುವುದು ಇನ್ನೂ ಬಿಟ್ಟಿಲ್ಲ. ನನ್ನ ಮಾರ್ಕು ಕೂಡ ಅದೇ ಕಣ್ಣಿನಿಂದ ಬಂದದ್ದು.

ನನಗೆ ಹಿಡಿಸಿದ್ದು ಏನೆಂದರೆ, ಇವರು ವ್ಯಾನ್ ಮಾಡುವುದಿಲ್ಲ. ಸಿಟಿ ಬಸ್ಸೇ. ಪ್ರತಿ ಮಗುವಿನ ಕೈಗೆ ದುಡ್ಡು ಕೊಟ್ಟು "ನಿನ್ನ ಟಿಕೆಟ್ ನೀನೇ ತೆಗೆದುಕೋ" ಎನ್ನುತ್ತಾರೆ. ಕೆಲವು ಮಕ್ಕಳಿಗೆ ಬಾಯಿಯೇ ಬರುವುದಿಲ್ಲ. ಒಬ್ಬಳು ಹುಡುಗಿ ಮಾತ್ರ ಎರಡು ರೂಪಾಯಿ ಬಾಕಿಗೆ ಕಂಡಕ್ಟರನ್ನು ಬಿಡಲೇ ಇಲ್ಲ, ಇಳಿಯುವ ಮೊದಲು ವಸೂಲಿ ಮಾಡಿದಳು. ನನ್ನ ಕಾಲದಲ್ಲಿ ದೊಡ್ಡವರೇ ಅದನ್ನು ಬಿಟ್ಟು ಇಳಿದು ಹೋಗುತ್ತಿದ್ದರು, ನಮಗೂ ಅಷ್ಟೇ ಬೇಕಿತ್ತು!

ಲೈಬ್ರರಿಗೆ ಹೋದದ್ದು ಆಗಸ್ಟಿನಲ್ಲಿ. ಆಗಸ್ಟ್ 12 ಗ್ರಂಥಪಾಲಕರ ದಿನ, ಎಸ್.ಆರ್. ರಂಗನಾಥನ್ ಹುಟ್ಟಿದ ದಿನ. ಲೈಬ್ರರಿಗಳಿಗೆ ಐದು ಸೂತ್ರ ಬರೆದುಕೊಟ್ಟವರು ಅವರೇ. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಗಣಿತ ಕಲಿಸಲು ಬಂದಿದ್ದರಂತೆ. ಮದ್ರಾಸಿನಲ್ಲಿ ಲೈಬ್ರರಿ ಕೆಲಸಕ್ಕೆ ಸೇರಿದ್ದು ಆಮೇಲೆ, 1924ರಲ್ಲಿ. ಹಂಪನಕಟ್ಟೆಯಲ್ಲಿ ಆ ಕಾಲೇಜಿನ ಹತ್ತಿರ ಎಷ್ಟು ಸಲ "ರೈಟ್" ಹೇಳಿದ್ದೇನೋ, ಈ ವಿಷಯ ಗೊತ್ತಾಗಲು ಮೊಮ್ಮಗನ ಜೊತೆ ಬರಬೇಕಾಯಿತು.

ಅಲ್ಲಿ ಕೇಳಿದ ಭಾಷಣ ಅಷ್ಟೇ. ಆಮೇಲೆ ಪ್ರತಿ ಮಗುವಿಗೆ ಒಂದು ಚೀಟಿ. ಚೀಟಿಯಲ್ಲಿ ಬರೀ ಒಂದು ನಂಬರು, ಪುಸ್ತಕದ ಹೆಸರಿಲ್ಲ. ನಮ್ಮವನಿಗೆ ಸಿಕ್ಕಿದ್ದು 599. ಲೈಬ್ರರಿಯಲ್ಲಿ ವಿಷಯ ನೋಡಿ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ಲೆಕ್ಕದಲ್ಲಿ 500 ಅಂದರೆ ವಿಜ್ಞಾನ, 590 ಪ್ರಾಣಿಗಳು, 599 ಮೊಲೆಯುಣ್ಣುವ ಪ್ರಾಣಿಗಳು. ಅವನು ಬೆರಳಿಟ್ಟುಕೊಂಡು ಪುಸ್ತಕದ ಬೆನ್ನುಗಳನ್ನು ಓದುತ್ತಾ ಹೋದ. 599ರ ಜಾಗಕ್ಕೆ ಬಂದರೆ ಅಲ್ಲೊಂದು ಅಡುಗೆ ಪುಸ್ತಕ! ಬೆನ್ನಿಗೆ 641 ಅಂತ ಅಂಟಿಸಿತ್ತು. ಟೀಚರು ಸಹಾಯಕ್ಕೆ ಬರಲಿಲ್ಲ, ನನಗೂ ಸುಮ್ನೆ ಇರಲು ಸನ್ನೆ ಮಾಡಿದರು. ಹುಡುಗ ಸ್ವಲ್ಪ ಹೊತ್ತು ನಿಂತ. ಆಮೇಲೆ ಕೌಂಟರಿಗೆ ಹೋಗಿ "ಇದು ಇಲ್ಲಿಯದಲ್ಲ" ಎಂದ. ಅಲ್ಲಿದ್ದವರು ಮುಖ ನೋಡದೆ "ಹಾಗಾದರೆ ಎಲ್ಲಿಯದು, ಇಟ್ಟು ಬಾ" ಎಂದರು. ಅವನು ಹುಡುಕಿ, ಇಟ್ಟು ಬಂದ. ಮನೆಯಲ್ಲಿ ನೀರಿನ ಬಾಟಲಿ ಕೂಡ ಅದರ ಜಾಗಕ್ಕೆ ಇಡುವವನಲ್ಲ, ಅಲ್ವಾ?

ಅವನಿಗೆ ಕೊನೆಗೆ ಸಿಕ್ಕಿದ್ದು ಹುಲಿಯ ಪುಸ್ತಕ. ಯಾವ ಎರಡು ಹುಲಿಗೂ ಒಂದೇ ಥರದ ಪಟ್ಟೆ ಇರುವುದಿಲ್ಲ, ಕೂದಲು ತೆಗೆದರೂ ಚರ್ಮದಲ್ಲಿ ಪಟ್ಟೆ ಇರುತ್ತದೆ ಎಂದು ಬಸ್ಸಿಡೀ ಸಾರಿದ. ಮಣಿಪಾಲಕ್ಕೆ ಹೋಗುವವರಿಗೂ ಗೊತ್ತಾಯಿತು.

ಮೆಂಬರ್‌ಶಿಪ್ ಬಗ್ಗೆ ಒಂದು ಮಾತು. ನೀವು ಪಂಚಾಯತ್ ವ್ಯಾಪ್ತಿಯವರಾದರೆ ನಗರದವರೆಗೆ ಬರಬೇಕೆಂದಿಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯತ್ ಲೈಬ್ರರಿಯ ಸದಸ್ಯತ್ವ ಉಚಿತ.

ಇನ್ನು ವಿಟ್ಲಪಿಂಡಿ, ಅಂದರೆ ಕೃಷ್ಣಾಷ್ಟಮಿಯ ಮೊಸರು ಕುಡಿಕೆ ಉತ್ಸವ. ಇದು ಶನಿವಾರದ್ದಲ್ಲ, ಅಷ್ಟಮಿಯ ಮರುದಿನದ್ದು. ಕೃಷ್ಣ ಮಠದ ಅಷ್ಟಮಿ ಸೌರಮಾನದ ಲೆಕ್ಕ. ಸೂರ್ಯ ಸಿಂಹ ರಾಶಿಯಲ್ಲಿರುವ ಸಿಂಹ ಮಾಸ ಬರಬೇಕು. ಕೆಲವು ವರ್ಷ ಬೇರೆ ಊರುಗಳಲ್ಲಿ ಮುಗಿದು ತಿಂಗಳಾದ ಮೇಲೆ ಇಲ್ಲಿ. ಟೀಚರು ಮಕ್ಕಳನ್ನು ಎರಡು ಸಲ ಕರೆದುಕೊಂಡು ಹೋದರು. ಮೊದಲು, ಹುಲಿವೇಷಕ್ಕೆ ಬಣ್ಣ ಹಾಕುವಲ್ಲಿಗೆ. ಅದು ಬಹಳ ಚೆನ್ನಾಗಿತ್ತು. ವೇಷಧಾರಿ ಕೈ ಅಗಲಿಸಿ ಕೋಲು ಹಿಡಿದು ನಿಂತಿದ್ದ. ಕೂರುವ ಹಾಗಿಲ್ಲ, ತುರಿಸುವ ಹಾಗಿಲ್ಲ, ಬಣ್ಣ ಒಣಗಬೇಕು. ನಮ್ಮವನು ಬಣ್ಣದವರ ಹತ್ತಿರ ಹೋಗಿ "ನೀವು ಎಲ್ಲರಿಗೂ ಒಂದೇ ಪಟ್ಟೆ ಹಾಕುವುದಾ?" ಎಂದು ಕೇಳಿದ. ಅವರು ನಕ್ಕು, ಬ್ರಷ್ ಹಿಡಿದೇ ಪಟ್ಟೆ ಹುಲಿ ಯಾವುದು, ಚುಕ್ಕೆ ಇರುವ ಚಿಟ್ಟೆ ಹುಲಿ ಯಾವುದು ಎಂದು ತೋರಿಸಿದರು. ವೇಷಧಾರಿ ಹಲ್ಲಿನಲ್ಲಿ ಕಚ್ಚಿ ಎಸೆಯುವ, ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿ ಅಲ್ಲೇ ಮೂಲೆಯಲ್ಲಿತ್ತು. ಮಕ್ಕಳು ಎತ್ತಲು ನೋಡಿದರು, ಅದು ಅಲ್ಲಾಡಲಿಲ್ಲ. ಒಂದು ಮುಡಿ ಅಂದರೆ ಮೂರು ಕಳಸೆ, 42 ಸೇರು. ಇದನ್ನು ಹೇಳಿದ್ದು ನಾನು, ಟೀಚರಲ್ಲ.

ಮರುದಿನದ್ದೇ ತಕರಾರು. ರಥಬೀದಿಯ ಜನ ನೋಡಿ ಮಕ್ಕಳನ್ನು ಒಂದು ಟೆರೇಸಿಗೆ ಹತ್ತಿಸಿದರು. ಅದು ಸರಿ, ಕೆಳಗೆ ಬಿಟ್ಟಿದ್ದರೆ ನಾನೇ ಬೇಡ ಎನ್ನುತ್ತಿದ್ದೆ. ಆದರೆ ಎಲ್ಲರ ಕೈಗೆ ಒಂದು ಹಾಳೆ ಕೊಟ್ಟರು ಮಾರಾಯ್ರೆ! ಎಷ್ಟು ಹುಲಿ ಬಂತು, ರಥದ ಬಣ್ಣ ಯಾವುದು, ಬಿಟ್ಟ ಸ್ಥಳ ತುಂಬಿರಿ. ಕೆಳಗೆ ಗೊಲ್ಲರು ಕೋಲೆತ್ತಿ ಗುರ್ಜಿಗೆ, ಅಂದರೆ ಕಂಬದ ಚೌಕಟ್ಟಿಗೆ, ತೂಗುಹಾಕಿದ ಮೊಸರು ಕುಡಿಕೆ ಒಡೆಯುವಾಗ ಅರ್ಧ ಮಕ್ಕಳು ತಲೆ ಬಗ್ಗಿಸಿ ಸ್ಪೆಲ್ಲಿಂಗ್ ಕೇಳುತ್ತಿದ್ದರು. ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ ಹೋದದ್ದನ್ನು ಪಕ್ಕದ ಹುಡುಗ ನೋಡಲೇ ಇಲ್ಲ, ಪೆನ್ಸಿಲ್ ಮುರಿದಿತ್ತು. ಹಿಂದಿನ ದಿನ ಪ್ರಶ್ನೆ ಮಕ್ಕಳದ್ದಾಗಿತ್ತು, ಇವತ್ತು ಹಾಳೆಯದ್ದು. ಟಾಯ್ಲೆಟ್ಟಿನ ವ್ಯವಸ್ಥೆ ಕೂಡ ಮೊದಲೇ ನೋಡಿಡಬೇಕಿತ್ತು. ಪ್ರಸಾದದ ಚಕ್ಕುಲಿ, ಉಂಡೆ ಸಿಕ್ಕಿತು, ಅದಕ್ಕೆ ದೂರಿಲ್ಲ.

ಹಾಳೆ ಬೇಡ ಎಂದು ಟೀಚರಿಗೆ ಹೇಳಿದೆ. "ಪೋಷಕರು ಏನು ಕಲಿಸಿದಿರಿ ಅಂತ ಕೇಳ್ತಾರಲ್ಲ" ಎಂದರು. ಕೇಳುವವರು ಒಮ್ಮೆ ಜೊತೆಗೆ ಬರಲಿ.

ಏಳು ವರ್ಷಕ್ಕಿಂತ ಚಿಕ್ಕವರನ್ನು ಹಬ್ಬದ ದಿನಕ್ಕೆ ಕಳಿಸಬೇಡಿ, ಬಣ್ಣ ನೋಡಲು ಕಳಿಸಿ. ಲೈಬ್ರರಿಗೆ ಯಾರನ್ನಾದರೂ ಕಳಿಸಬಹುದು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಆ ವಾರ ಮತ್ತೆ ಹೋಗುತ್ತಾರೆ. ಸೀಟು ಬೇಗ ತುಂಬುತ್ತದೆ. ಮಗುವಿನ ಕೈಯಲ್ಲಿ ನೋಟು ಕೊಡಬೇಡಿ, ಚಿಲ್ಲರೆಯೇ ಕೊಡಿ. ಕಂಡಕ್ಟರುಗಳ ಕಷ್ಟ ನನಗೆ ಗೊತ್ತು.