ಮಳೆಗಾಲದ ಮನೆಗೆ ಯಾವ ಸ್ಟ್ರೀಮರ್? ನಾಲ್ಕನ್ನು ಒಟ್ಟಿಗಿಟ್ಟು ಕೇಳಿದ ಮೇಲೆ

ವೀಮ್ ಅಲ್ಟ್ರಾ, ಕೇಂಬ್ರಿಡ್ಜ್ ಆಡಿಯೋ ಸಿಎಕ್ಸ್‌ಎನ್100, ಎವರ್‌ಸೋಲೋ ಡಿಎಂಪಿ-ಎ6, ನೈಮ್ ಎನ್‌ಡಿ5 ಎಕ್ಸ್‌ಎಸ್ 2. ಈ ನಾಲ್ಕು ಸ್ಟ್ರೀಮರ್‌ಗಳನ್ನು, ಅಂದರೆ ಇಂಟರ್ನೆಟ್ಟಿಂದಲೋ ಡ್ರೈವ್‌ನಿಂದಲೋ ಹಾಡು ತೆಗೆದು ಆ್ಯಂಪ್‌ಗೆ ಕೊಡುವ ನೆಟ್‌ವರ್ಕ್ ಪ್ಲೇಯರ್‌ಗಳನ್ನು, ಒಂದೇ ಆ್ಯಂಪ್, ಒಂದೇ ಜೋಡಿ ಸ್ಪೀಕರ್‌ಗೆ ಹಾಕಿ ಮಳೆಗಾಲವಿಡೀ ಕೇಳಿದೆ. ವೀಮ್ ನನ್ನದೇ. ನೈಮ್ ವಿರಾಜಪೇಟೆಯ ಗೆಳೆಯನದು. ಕೇಂಬ್ರಿಡ್ಜ್ ಮೈಸೂರಿನ ಭಾವನ ಮನೆಯಿಂದ ಬಂತು. ಎವರ್‌ಸೋಲೋವನ್ನು ಅಂಗಡಿಯವರು ಕೇಳಿ ನೋಡಿ ಅಂತ ಕೊಟ್ಟರು. ಯಾವುದರ ಶಬ್ದ ಚೆನ್ನ ಅಂತ ನೋಡೋಕೆ ಶುರುಮಾಡಿದ್ದು. ಕೊನೆಗೆ ತೀರ್ಮಾನ ಆಗಿದ್ದು ಮಾತ್ರ ಕರೆಂಟು, ಇಂಟರ್ನೆಟ್ಟು ಮತ್ತು ನಮ್ಮ ಅಮ್ಮನ ಮೇಲೆ.

ಮನೆ ಕೊಡಗಿನ ಮಾದಾಪುರದ ಹತ್ತಿರ, ತೋಟದ ಒಳಗೆ. ಹಂಚಿನ ಮಾಡು, ಮರದ ಅಟ್ಟ, ಕೆಂಪು ಕಾವಿ ನೆಲ. ನೆಲಕ್ಕೆ ದಪ್ಪ ಜಮಖಾನ ಹಾಸದಿದ್ದರೆ ದನಿ ಗಡುಸಾಗಿ ಕೇಳುತ್ತದೆ. ಆ ಜಮಖಾನ ಹಾಸಿದಾಗ ಆದ ಬದಲಾವಣೆ ಈ ನಾಲ್ಕು ಪ್ಲೇಯರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ. ದುಡ್ಡು ಖರ್ಚು ಮಾಡುವ ಮುಂಚೆ ಇದೊಂದು ತಿಳಿದಿರಲಿ. ಇನ್ನು ಆಷಾಢದ ಮಳೆ ಹಂಚಿನ ಮೇಲೆ ಬಡಿಯುವಾಗ ಯಾವ ಸ್ಟ್ರೀಮರ್ ಎಷ್ಟು ನಿಶ್ಶಬ್ದ ಅನ್ನೋ ಅಂಕಿಗಳಿಗೆ ಅರ್ಥವೇ ಇರಲ್ಲ. ಸೂಕ್ಷ್ಮವಾಗಿ ಕೇಳಬೇಕಾದ್ದನ್ನೆಲ್ಲ ಮಳೆ ಬಿಟ್ಟ ರಾತ್ರಿಗಳಲ್ಲೇ ಕೇಳಿದೆ.

ಹೋಲಿಸಿ ಕೇಳುವಾಗ ಒಂದು ಬೋನು ಇದೆ. ಎವರ್‌ಸೋಲೋ ಮತ್ತು ಕೇಂಬ್ರಿಡ್ಜ್ ಎರಡರಲ್ಲೂ ಬ್ಯಾಲೆನ್ಸ್‌ಡ್ ಎಕ್ಸ್‌ಎಲ್‌ಆರ್ ಔಟ್‌ಪುಟ್ (ಮೂರು ಪಿನ್ನಿನದು) ಇದೆ. ನೈಮ್‌ನಲ್ಲಿ ಇಲ್ಲ, ಅದರಲ್ಲಿರುವುದು ಮಾಮೂಲಿ ಕೆಂಪು-ಬಿಳಿ ಆರ್‌ಸಿಎ ಮತ್ತು ಅವರದೇ ಹಳೆಯ ಪದ್ಧತಿಯ ಡಿನ್ ಸಾಕೆಟ್. ವೀಮ್‌ನಲ್ಲೂ ಆರ್‌ಸಿಎ ಮಾತ್ರ. ಸಾಮಾನ್ಯವಾಗಿ ಆರ್‌ಸಿಎಯಲ್ಲಿ ಸುಮಾರು 2 ವೋಲ್ಟ್ ಬಂದರೆ ಎಕ್ಸ್‌ಎಲ್‌ಆರ್‌ನಲ್ಲಿ ಸುಮಾರು 4 ವೋಲ್ಟ್ ಬರುತ್ತದೆ. ಅಂದರೆ 6 ಡೆಸಿಬೆಲ್ ಜೋರು. ವಾಲ್ಯೂಮ್ ಮುಟ್ಟದೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಜೋರಾಗಿರುವುದೇ 'ಎಷ್ಟು ಸ್ಪಷ್ಟ, ಎಷ್ಟು ಜೀವ' ಅನ್ನಿಸುತ್ತದೆ. ಕಿವಿಯ ಸ್ವಭಾವವೇ ಹಾಗೆ. ಅಂಗಡಿಗಳಲ್ಲಿ ಎಷ್ಟೋ ದುಬಾರಿ ಪೆಟ್ಟಿಗೆ ಹೀಗೇ ಮಾರಾಟ ಆಗಿರಬೇಕು.

ಸರಿಮಾಡೋದು ಕಷ್ಟವಲ್ಲ. 400 ಹರ್ಟ್ಸ್‌ನ ಒಂದು ಟೆಸ್ಟ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಪ್ರತಿ ಪ್ಲೇಯರ್‌ಗೂ ಒಂದೇ ಎಸಿ ವೋಲ್ಟೇಜ್ ಬರುವ ಹಾಗೆ ವಾಲ್ಯೂಮ್ ಗುರುತು ಮಾಡಿಕೊಂಡರೆ ಆಯಿತು. ಇನ್ನೂ ಮೇಲಿನ ಫ್ರೀಕ್ವೆನ್ಸಿ ಬೇಡ, ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ತೋರಿಸುತ್ತವೆ. ಹೀಗೆ ಸಮಮಾಡಿದ ಮೇಲೆ ವ್ಯತ್ಯಾಸಗಳಲ್ಲಿ ಮುಕ್ಕಾಲು ಪಾಲು ಮಾಯ.

ಉಳಿದ ಕಾಲು ಪಾಲಿನ ಮಾತು ಈಗ.

ಕೇಳಿದ್ದರಲ್ಲಿ ದೊರೆಸ್ವಾಮಿ ಅಯ್ಯಂಗಾರರ ವೀಣೆ ಇತ್ತು, ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳಿದ್ದವು. ಆದರೆ ಹೆಚ್ಚು ಕೆಲಸಕ್ಕೆ ಬಂದದ್ದು ವಿರಾಜಪೇಟೆಯ ಗೆಳೆಯ ಹುತ್ತರಿ ಹಬ್ಬದಲ್ಲಿ ತನ್ನ ಐನ್‌ಮನೆಯ (ಕುಲದ ಹಿರಿಮನೆಯ) ಮುಂದೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸಿಡಿಗಿಂತ ಸೂಕ್ಷ್ಮವಾಗಿ, ರೆಕಾರ್ಡ್ ಮಾಡಿಕೊಂಡ ದುಡಿಕೊಟ್ಟ್ ಪಾಟ್, ದುಡಿ ಅನ್ನೋ ಸಣ್ಣ ಚರ್ಮವಾದ್ಯ ಬಾರಿಸುತ್ತಾ ಹಾಡುವ ಕೊಡವರ ಹಾಡು. ದುಡಿಯ ದನಿ ನಿಜದಲ್ಲಿ ಹೇಗಿರುತ್ತದೆ ಅಂತ ಇಬ್ಬರಿಗೂ ಗೊತ್ತು. ಚರ್ಮಕ್ಕೆ ಕೋಲು ತಾಗುವ ಆ ಮೊದಲ ಚೂಪು, ಅದರ ಹಿಂದೆಯೇ ಬರುವ ಸಣ್ಣ ಗುಂಯ್ ಸದ್ದು, ನಾಲ್ವರು ಹಾಡುಗಾರರು ನಿಂತ ಜಾಗ. ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಅಸಲಿ ಯಾವುದು, ಎಂಜಿನಿಯರ್ ಮಾಡಿದ್ದು ಯಾವುದು ಅಂತ ಹೇಳೋಕಾಗಲ್ಲ. ಇಲ್ಲಿ ಆ ಗೊಂದಲವಿಲ್ಲ.

ಈ ಪರೀಕ್ಷೆಯಲ್ಲಿ ನನಗೆ ನೈಮ್ ಇಷ್ಟವಾಯಿತು. ದುಡಿಯ ಪೆಟ್ಟು ಬಿಗಿಯಾಗಿ ಬೀಳುತ್ತದೆ, ಪೆಟ್ಟು ಪೆಟ್ಟಿನ ನಡುವೆ ಜಾಗ ತೆರೆದಿರುತ್ತದೆ. ಕೇಂಬ್ರಿಡ್ಜ್ ಸ್ವಲ್ಪ ಮೃದು, ಗಂಟೆಗಟ್ಟಲೆ ಕೇಳಿದರೂ ಕಿವಿಗೆ ದಣಿವಿಲ್ಲ. ಮನ್ಸೂರರ ಹಳೆಯ ರೆಕಾರ್ಡಿಂಗ್‌ಗೆ ಅದೇ ಹೊಂದುತ್ತದೆ. ಎವರ್‌ಸೋಲೋ ಚೊಕ್ಕ, ನೇರ. ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. ವೀಮ್ ಕೂಡ ಹೆಚ್ಚುಕಡಿಮೆ ಅದೇ ದಾರಿ. ಎರಡರಲ್ಲೂ ಇಎಸ್‌ಎಸ್ ಕಂಪನಿಯ ಇಎಸ್9038ಕ್ಯೂ2ಎಂ ಡ್ಯಾಕ್ ಚಿಪ್ಪೇ (ಡಿಜಿಟಲ್ ಅಂಕಿಯನ್ನು ಶಬ್ದದ ಸಿಗ್ನಲ್ ಮಾಡುವುದು) ಇದೆ, ಎವರ್‌ಸೋಲೋದಲ್ಲಿ ಎರಡು. ಹೆಂಡತಿ ಪರದೆಯ ಹಿಂದೆ ನಿಂತು ಕೇಬಲ್ ಬದಲಾಯಿಸಿದಾಗ ಆರ್‌ಸಿಎಯಲ್ಲಿ ಈ ಎರಡರ ನಡುವೆ ನನಗೆ ಗುರುತು ಹಿಡಿಯೋಕೆ ಆಗಲಿಲ್ಲ. ನೈಮ್ ಮಾತ್ರ ಆಗಾಗ ಸಿಕ್ಕಿತು, ಯಾವಾಗಲೂ ಅಲ್ಲ. ಬೆಲೆಯಲ್ಲಿ ಇರುವಷ್ಟು ಅಂತರ ಶಬ್ದದಲ್ಲಿ ಇಲ್ಲ ಅಂತಲೇ ಹೇಳಬೇಕು.

ಹಾಗಾದರೆ ನೈಮ್ ತಗೊಂಡರೆ ಮುಗೀತಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಂಗ್ಲೆಂಡಿನ ಸಾಲ್ಸ್‌ಬರಿಯ ಕಂಪನಿ, 2018ರಲ್ಲಿ ಬಂದ ಮಾದರಿ. ಒಳಗೆ ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಇರುವ ಲೀನಿಯರ್ ಪವರ್ ಸಪ್ಲೈ. ಹಳೆಯ ಉಪಕರಣಗಳನ್ನೂ ರಿಪೇರಿ ಮಾಡಿಕೊಡುವ ಹೆಸರು ಅವರಿಗಿದೆ. ಆದರೆ ಅದರ ಮುಖದಲ್ಲಿ ಡಿಸ್‌ಪ್ಲೇ ಇಲ್ಲ. ಒಂದು ಬಟನ್, ಒಂದು ಯುಎಸ್‌ಬಿ ಕಿಂಡಿ, ಅಷ್ಟೇ. ಹಾಡು ಆರಿಸಬೇಕು ಅಂದರೆ ಫೋನಿನ ಆ್ಯಪ್ ಬೇಕು. ಆ್ಯಪ್ ಪ್ಲೇಯರನ್ನು ಹುಡುಕಬೇಕು ಅಂದರೆ ರೂಟರ್ ಓಡುತ್ತಿರಬೇಕು. "ಹಾಡು ಕೇಳೋಕೂ ಫೋನ್ ಬೇಕಾ?" ಅಂತ ಅಮ್ಮ ಒಂದು ಸಲ ಕೇಳಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಇನ್ವರ್ಟರ್. ಮಾದಾಪುರದ ಕಡೆ ಜೂನ್‌ನಿಂದ ಒಂದು ಸಿಲ್ವರ್ ಮರ ಲೈನಿನ ಮೇಲೆ ಒರಗಿದರೆ ಸಂಜೆಯೆಲ್ಲ ಇನ್ವರ್ಟರೇ ಗತಿ. ನಮ್ಮ ಮನೆಯ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್, ಅಂದರೆ ಲೈನ್ ಕರೆಂಟಿನ ನಯವಾದ ಅಲೆಯ ಬದಲು ಚೌಕಾಕಾರದ ಅಲೆ, ಕೊಡುವಂಥದ್ದು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಇದು ಆಗಿಬರಲ್ಲ, ಗೊರ್ ಅಂತ ಗುನುಗುತ್ತವೆ. ಇದು ಪ್ಲೇಯರಿನ ದೋಷವಲ್ಲ. ಆ್ಯಂಪ್ ಕೂಡ ಹಾಗೇ ಗೊಣಗುತ್ತಿತ್ತು. ಶುದ್ಧ ಸೈನ್ ವೇವ್ ಇನ್ವರ್ಟರ್ ತಂದ ಮೇಲೆ ಎರಡೂ ಸುಮ್ಮನಾದವು. ಸ್ಟ್ರೀಮರ್ ಬಜೆಟ್ ಹಾಕುವಾಗ ಈ ಇನ್ವರ್ಟರನ್ನೂ ಸೇರಿಸಿ ಲೆಕ್ಕ ಹಾಕಿ. ಅದಿಲ್ಲದೆ ಬೇರೆ ಪವರ್ ಕೇಬಲ್, ಫಿಲ್ಟರ್ ಅಂತ ಹೋಗೋದು ಸುಮ್ನೆ ದಂಡ.

ಸಿಡಿಲಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೇ ಉಪಕರಣಗಳಿಗೆ ದೊಡ್ಡ ಶತ್ರು. ಫೈಬರ್‌ನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ, ನಿಜ. ಆದರೆ ರೂಟರಿನ ಅಡಾಪ್ಟರ್ ಮೂಲಕ ಹರಿಯುತ್ತದೆ, ಅಲ್ಲಿಂದ ತಾಮ್ರದ ಇಥರ್ನೆಟ್ ತಂತಿಯಲ್ಲಿ ನೇರ ಪ್ಲೇಯರ್‌ಗೆ ಬರುತ್ತದೆ. ಪ್ಲೇಯರಿನ ಪ್ಲಗ್ ಮಾತ್ರ ಕಿತ್ತು ಇಥರ್ನೆಟ್ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ನಾಲ್ಕರಲ್ಲೂ ವೈಫೈ ಇದೆ. ಲಾಸ್‌ಲೆಸ್ (ಗುಣಮಟ್ಟ ಕಳೆಯದ) ಹಾಡಿಗೆ ವೈಫೈ ಧಾರಾಳ ಸಾಕು. ಸಿಡಿ ಗುಣಮಟ್ಟ ಅಂದರೆ ಕುಗ್ಗಿಸದೆಯೇ ಸೆಕೆಂಡಿಗೆ 1.4 ಮೆಗಾಬಿಟ್, 24 ಬಿಟ್ 192 ಕಿಲೋಹರ್ಟ್ಸ್ ಅಂದರೂ 9.2 ಮೆಗಾಬಿಟ್ ಅಷ್ಟೇ.

ಇನ್ನು ಚಂದಾ ಸೇವೆಗಳು. ವಿದೇಶದ ವಿಮರ್ಶೆ ಓದಿ ಸ್ಟ್ರೀಮರ್ ಆರಿಸುವವರು ಎಡವುವುದು ಇಲ್ಲೇ. ಅಲ್ಲಿ ಎಲ್ಲರೂ ಟೈಡಲ್, ಕೋಬಝ್ ಅಂತ ಬರೆಯುತ್ತಾರೆ. ಎರಡೂ ಭಾರತದಲ್ಲಿ ಅಧಿಕೃತವಾಗಿ ಸೇವೆ ಕೊಡುವುದಿಲ್ಲ. ನಮಗೆ ಸುಲಭವಾಗಿ ಸಿಗುವ ಲಾಸ್‌ಲೆಸ್ ಅಂದರೆ ಆ್ಯಪಲ್ ಮ್ಯೂಸಿಕ್. 2021ರಿಂದ ಅದರಲ್ಲಿ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಸಿಗುತ್ತದೆ. ಸ್ಪಾಟಿಫೈ ಕೂಡ 2025ರಲ್ಲಿ ಲಾಸ್‌ಲೆಸ್ ತಂದಿತು, 24 ಬಿಟ್, 44.1 ಕಿಲೋಹರ್ಟ್ಸ್‌ವರೆಗೆ. ಸ್ಪಾಟಿಫೈ ಕನೆಕ್ಟ್ ಇದ್ದರೆ ಪ್ಲೇಯರ್ ತಾನೇ ನೇರವಾಗಿ ಹಾಡು ತರಿಸಿಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಆ್ಯಪಲ್ ಮ್ಯೂಸಿಕ್‌ಗೆ ಅಂಥ ವ್ಯವಸ್ಥೆ ನೈಮ್‌ನಲ್ಲೂ ಇಲ್ಲ, ಕೇಂಬ್ರಿಡ್ಜ್‌ನಲ್ಲೂ ಇಲ್ಲ. ಏರ್‌ಪ್ಲೇನಲ್ಲಿ, ಅಂದರೆ ಐಫೋನಿನಿಂದ ವೈಫೈ ಮೂಲಕ, ಕಳಿಸಬೇಕು. ಅದು 16 ಬಿಟ್, 44.1 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. ಕಿವಿಗೆ ಅದೇ ಸಾಕು ಅನ್ನಿ. ಆದರೆ ಹಾಡೆಲ್ಲ ಫೋನಿನ ಮೂಲಕ ಹಾದು ಬರುವುದರಿಂದ ಫೋನ್ ಹಿಡಿದು ತೋಟಕ್ಕೆ ಹೋದರೆ ಹಾಡೂ ನಿಂತಿತು. ವೀಮ್ ಅಲ್ಟ್ರಾದಲ್ಲಿ ಏರ್‌ಪ್ಲೇ ಕೂಡ ಇಲ್ಲ. ಐಫೋನ್ ಇರುವ ಮನೆಗೆ ಇದು ದೊಡ್ಡ ಕೊರತೆ.

ಎವರ್‌ಸೋಲೋ ಗೆದ್ದದ್ದು ಈ ಜಾಗದಲ್ಲಿ. ಅದು ಒಳಗೆ ಆಂಡ್ರಾಯ್ಡ್. ಆ್ಯಪಲ್ ಮ್ಯೂಸಿಕ್ ಆ್ಯಪ್ಪನ್ನು ಅದರಲ್ಲೇ ಹಾಕಬಹುದು. ಮಾಮೂಲಿ ಆಂಡ್ರಾಯ್ಡ್ ಎಲ್ಲ ಹಾಡನ್ನೂ ಒಂದೇ ಸ್ಯಾಂಪಲ್ ರೇಟ್‌ಗೆ (ಆ ಕಿಲೋಹರ್ಟ್ಸ್ ಲೆಕ್ಕಕ್ಕೆ) ಬದಲಾಯಿಸಿಬಿಡುತ್ತದೆ. ಇವರು ಅದನ್ನು ತಪ್ಪಿಸಿ, ಮೂಲ ಹೇಗಿದೆಯೋ ಹಾಗೇ ಡ್ಯಾಕ್‌ಗೆ ಕಳಿಸುವ ದಾರಿ ಮಾಡಿದ್ದಾರೆ. 6 ಇಂಚಿನ ಟಚ್ ಸ್ಕ್ರೀನ್ ಇದೆ. ನಾನು ಕನ್ನಡದಲ್ಲಿ ಬರೆದಿಟ್ಟ ಹಾಡಿನ ಹೆಸರು, ರಾಗದ ಹೆಸರು ಅದರ ಮೇಲೆ ಕನ್ನಡದಲ್ಲೇ ಕಾಣುತ್ತದೆ. ಅಮ್ಮ ಕನ್ನಡಕ ಹಾಕಿಕೊಂಡು ಬಂದು ಬೆರಳಲ್ಲಿ ಒತ್ತಿ, ಬೇಕಾದ್ದು ಹಾಕಿಕೊಂಡು ಹೋಗುತ್ತಾರೆ.

ಅದಕ್ಕಿಂತ ಮುಖ್ಯ, ಅದರ ಹೊಟ್ಟೆಯೊಳಗೆ ಎಂ.2 ಎನ್‌ವಿಎಂಇ ಎಸ್‌ಎಸ್‌ಡಿ (ಹಾಡು ತುಂಬಿಡುವ ಡ್ರೈವ್) ಕೂರಿಸೋಕೆ ಜಾಗ ಇದೆ, 4 ಟೆರಾಬೈಟ್‌ವರೆಗೆ. ಒಂದು ಸಿಡಿಯನ್ನು ಫ್ಲ್ಯಾಕ್ ಅನ್ನೋ ಲಾಸ್‌ಲೆಸ್ ಫೈಲ್ ಮಾಡಿದರೆ ಸುಮಾರು 350 ಮೆಗಾಬೈಟ್. ಒಂದೇ ಟೆರಾಬೈಟ್‌ನಲ್ಲಿ 2,500ಕ್ಕೂ ಹೆಚ್ಚು ಸಿಡಿ ಹಿಡಿಸುತ್ತವೆ. ನಮ್ಮ ಸಿಡಿ ಕಪಾಟಿನಲ್ಲಿ ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತಿತ್ತು, ಎಲ್ಲವನ್ನೂ ಇದಕ್ಕೇ ಏರಿಸಿದೆ. ಲೈನ್ ಹೋಗಲಿ, ರೂಟರ್ ಆರಿಹೋಗಲಿ, ಇನ್ವರ್ಟರ್ ಇರುವವರೆಗೆ ಹಾಡು ಬರುತ್ತದೆ. ಉಳಿದ ಮೂರಕ್ಕೂ ಯುಎಸ್‌ಬಿ ಡ್ರೈವ್ ಚುಚ್ಚಬಹುದು, ಹಾಡುತ್ತವೆ. ಆದರೆ ಇಷ್ಟು ಸಲೀಸಾಗಿ ಅಲ್ಲ.

ಸಿಡಿ ಏರಿಸುವವರಿಗೆ ಇನ್ನೊಂದು ವಿಷಯ. ಕಛೇರಿಯ ಸಿಡಿಗಳಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಒಂದು, ತನಿ ಆವರ್ತನ ಇನ್ನೊಂದು ಅಂತ ಇರುತ್ತದೆ. ನಡುವೆ ಅರೆಕ್ಷಣ ನಿಂತರೂ ತಾಳ ಮುರಿದ ಹಾಗೆ. ಫೋನಿನಿಂದ ಗೂಗಲ್ ಕಾಸ್ಟ್ ಮಾಡಿದರೆ ಆ ತಡೆ ಬರುತ್ತದೆ, ಅದು ಆ ವಿಧಾನದ ಮಿತಿ. ಕಂಪನಿಯ ಸ್ವಂತ ಆ್ಯಪ್‌ನಿಂದ ಹಾಕಿದರೆ ತೊಂದರೆ ಇಲ್ಲ.

ಎವರ್‌ಸೋಲೋ ಬಗ್ಗೆ ಅಳುಕು ಇಲ್ಲ ಅಂತಲ್ಲ. ಒಳಗಿನ ಆಂಡ್ರಾಯ್ಡ್ ಹಳೆಯದಾದಂತೆ ಹೊಸ ಆ್ಯಪ್‌ಗಳು ಕೈಕೊಡಬಹುದು. ಡಿಎಂಪಿ-ಎ6 ಬಂದದ್ದು 2023ರಲ್ಲಿ. ಹತ್ತು ವರ್ಷ ಬಿಟ್ಟು ನೋಡಿದರೆ ನೈಮ್ ಇನ್ನೂ ಹಾಡುತ್ತಿರುತ್ತದೆ ಅಂತ ನಾನು ಪಣ ಕಟ್ಟುತ್ತೇನೆ, ಇದರ ಮೇಲೆ ಕಟ್ಟಲಾರೆ. ಆದರೆ ಆ್ಯಪ್ ಸತ್ತರೂ ಒಳಗಿನ ಎಸ್‌ಎಸ್‌ಡಿಯಲ್ಲಿ ಇರುವ ಹಾಡಿಗೆ ಏನೂ ಆಗಲ್ಲ. ನನಗೆ ಅಷ್ಟು ಸಾಕು.

ಕೇಂಬ್ರಿಡ್ಜ್ ಬಗ್ಗೆ ಜಾಸ್ತಿ ಬರೆಯಲಿಲ್ಲ, ಯಾಕಂದರೆ ದೂರೋಕೆ ಏನೂ ಸಿಗಲಿಲ್ಲ. 2024ರ ಮಾದರಿ. ಮುಂದೆ ಡಿಸ್‌ಪ್ಲೇ ಇದೆ, ತಿರುಗಿಸೋಕೆ ಗುಬುಟು ಇದೆ. ಇಂಟರ್ನೆಟ್ ರೇಡಿಯೋ ಚೆನ್ನಾಗಿದೆ. ಮಡಿಕೇರಿ, ಕುಶಾಲನಗರ ಪೇಟೆಯೊಳಗೆ ಲೈನ್ ಸರಿಯಿರುವ ಮನೆ, ಸ್ಪಾಟಿಫೈ ಚಂದಾ, ಎಕ್ಸ್‌ಎಲ್‌ಆರ್ ಇರುವ ಆ್ಯಂಪ್, ಈ ಮೂರೂ ಇದ್ದರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ. ನೈಮ್ ಆ್ಯಂಪ್ ಆಗಲೇ ಮನೆಯಲ್ಲಿದ್ದರೆ ನೈಮ್ ಪ್ಲೇಯರೇ ಸರಿ, ಗೆಳೆಯನ ಮನೆಯಲ್ಲಿ ಆ ಜೋಡಿ ಕೇಳಿದವರು ಬೇರೆ ಮಾತಾಡಲ್ಲ. ಮೊದಲ ಸ್ಟ್ರೀಮರ್ ಆದರೆ, ಅಥವಾ ಹಳೆಯ ಟರ್ನ್‌ಟೇಬಲ್, ಟಿವಿ ಎರಡನ್ನೂ ಅದಕ್ಕೇ ಸೇರಿಸಬೇಕಿದ್ದರೆ, ವೀಮ್ ಅಲ್ಟ್ರಾ. ಟರ್ನ್‌ಟೇಬಲ್‌ಗೆ ಫೋನೋ ಇನ್‌ಪುಟ್, ಟಿವಿಗೆ ಎಚ್‌ಡಿಎಂಐ ಎರಡೂ ಅದರಲ್ಲಿದೆ. ಮಿಕ್ಕ ದುಡ್ಡನ್ನು ಸ್ಪೀಕರ್‌ಗೆ ಹಾಕಿ.

ನಮ್ಮ ಮನೆಯಲ್ಲಿ ಉಳಿದದ್ದು ಎವರ್‌ಸೋಲೋ. ವೀಮ್ ಮಗಳ ಕೋಣೆಗೆ ಹೋಯಿತು. ಎಸ್‌ಎಸ್‌ಡಿ ಪ್ಲೇಯರ್ ಜೊತೆ ಬರಲ್ಲ, ಬೇರೆ ಕೊಳ್ಳಬೇಕು. ಕೊಳ್ಳುವಾಗ ಅಷ್ಟೇ ಟೆರಾಬೈಟ್‌ನ ಒಂದು ಪೋರ್ಟಬಲ್ ಡ್ರೈವನ್ನೂ ತಗೊಂಡು ಎಲ್ಲದರ ಎರಡನೇ ಪ್ರತಿ ಮಾಡಿಡಿ. ಎಸ್‌ಎಸ್‌ಡಿ ಹೋಗುವಾಗ ಮುನ್ಸೂಚನೆ ಕೊಡುತ್ತದೆ ಅಂತ ನಂಬೋಕಾಗಲ್ಲ. ಆ ಡ್ರೈವ್ ಬೂಷ್ಟು ಹಿಡಿಯುವ ಸಿಡಿ ಕಪಾಟಿನಲ್ಲಿ ಬೇಡ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆ ಕೋಣೆಯಲ್ಲಿರಲಿ.