ಬೀಟಲ್‌ಗೆ ಬೀಮ್ ಅಡ್ಜಸ್ಟರ್: ನಾಲ್ಕು ಮಳೆಗಾಲ ಓಡಿಸಿದ ಮೇಲೆ

ಧಡ್. ಮುಂಭಾಗದ ಎತ್ತರ ಬದಲಿಸುವ ಬೀಮ್ ಅಡ್ಜಸ್ಟರ್ ಹಾಕಿ ತಗ್ಗಿಸಿದ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಅಂದರೆ ಮೊದಲು ನೆನಪಾಗುವುದು ಈ ಸದ್ದು. ದೊಡ್ಡ ಗುಂಡಿಯೇ ಬೇಕಿಲ್ಲ. ನೀರಿನ ಪೈಪಿಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ಗೇಣಗಲದ ಕಾಲುವೆ ಸಾಕು, ಸ್ಟೀರಿಂಗ್ ಹಿಡಿದ ಮೊಣಕೈವರೆಗೂ ಪೆಟ್ಟು ಬರುತ್ತದೆ. ಚಿತ್ರಗಳಲ್ಲಿ ನೆಲಕ್ಕೆ ಅಂಟಿಕೊಂಡಂತೆ ನಿಂತ ಬೀಟಲ್ ನೋಡಿ ಅದೇ ಅಡ್ಜಸ್ಟರ್ ತರಿಸಲು ಹೊರಟವರು ಇದನ್ನು ಓದಿ ಆಮೇಲೆ ನಿರ್ಧರಿಸಿ.

ಇಲ್ಲಿ ಹೇಳುವುದೆಲ್ಲ 1966ರ ಮಾಡೆಲ್‌ಗೆ ಸಂಬಂಧಿಸಿದ್ದು: ಮುಂದೆ ಬಾಲ್ ಜಾಯಿಂಟ್ (ಬಟ್ಟಲಿನಲ್ಲಿ ಕೂತ ಗುಂಡಿನ ಕೀಲು), ಹಿಂದೆ ಸ್ವಿಂಗ್ ಆಕ್ಸಲ್ (ಚಕ್ರದೊಂದಿಗೆ ತಾನೂ ಮೇಲೆ ಕೆಳಗೆ ತೂಗುವ ಆಕ್ಸಲ್). ಅದಕ್ಕಿಂತ ಹಿಂದಿನ ಲಿಂಕ್ ಪಿನ್ (ಗುಂಡಿನ ಬದಲು ಪಿನ್ನಿನ ಕೀಲು) ಗಾಡಿಯಾದರೆ ಅಡ್ಜಸ್ಟರ್ ಬಗ್ಗೆ ನನ್ನ ದೂರು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಅಡ್ಜಸ್ಟರ್‌ಗೆ ಐದರಲ್ಲಿ ಎರಡು ಚುಕ್ಕಿ. ಹಿಂಭಾಗದ ಕೆಲಸಕ್ಕೆ ಐದಕ್ಕೆ ಐದು, ಅದಕ್ಕೆ ಕೊಳ್ಳಬೇಕಾದ ಕಿಟ್ಟೇ ಇಲ್ಲದಿದ್ದರೂ.

ಬೀಟಲ್‌ನ ಮುಂಭಾಗದಲ್ಲಿ ಕಾಯಿಲ್ ಸ್ಪ್ರಿಂಗ್ ಇಲ್ಲ. ಅಡ್ಡಲಾಗಿ ಎರಡು ಕೊಳವೆ, ಒಂದರ ಮೇಲೊಂದು, ಇದೇ ಬೀಮ್. ಒಳಗೆ ಕಟ್ಟುಕಟ್ಟಾಗಿ ಉಕ್ಕಿನ ಪಟ್ಟಿಗಳು, ನಡುವೆ ಒಂದು ಬಿಗಿ ಸ್ಕ್ರೂ ಅವನ್ನು ಅಲುಗದಂತೆ ಹಿಡಿದಿರುತ್ತದೆ. ಚಕ್ರ ಮೇಲೆ ಹೋದಾಗ ಪಟ್ಟಿಗಳು ತಿರುಚಿಕೊಳ್ಳುತ್ತವೆ, ಅದೇ ಸ್ಪ್ರಿಂಗ್. ಅಡ್ಜಸ್ಟರ್ ಅಂದರೆ ಕೊಳವೆಯ ಆ ನಡುಭಾಗವನ್ನು ಕತ್ತರಿಸಿ, ಹಲ್ಲುಗಳಿರುವ ತುಂಡೊಂದನ್ನು ವೆಲ್ಡ್ ಮಾಡಿ, ನಡುವಿನ ಹಿಡಿತವನ್ನೇ ತಿರುಗಿಸುವಂತೆ ಮಾಡುವುದು. ಬೋಲ್ಟ್ ಸಡಿಲಿಸಿ ಒಂದು ಹಲ್ಲು ತಿರುಗಿಸಿದರೆ ಗಾಡಿ ತಗ್ಗುತ್ತದೆ, ವಾಪಸ್ ತಿರುಗಿಸಿದರೆ ಏಳುತ್ತದೆ. ಕೇಳಲು ಬಹಳ ಚೆನ್ನ. ಎರಡೂ ಕೊಳವೆಗೆ ಹಾಕಲೇಬೇಕು. ಖರ್ಚು ಉಳಿಸಲು ಒಂದಕ್ಕೇ ಹಾಕಿದರೆ ಮೇಲಿನದೊಂದು ಕಡೆ, ಕೆಳಗಿನದೊಂದು ಕಡೆ ಎಳೆದಾಡಿ ಮುಂಭಾಗ ಕಲ್ಲಿನಂತಾಗುತ್ತದೆ. ವೆಲ್ಡಿಂಗ್‌ನಲ್ಲಿ ಅವಸರ ಬೇಡ. ಒಂದೇ ಸಲ ಸುತ್ತಲೂ ಎಳೆದರೆ ಶಾಖಕ್ಕೆ ಕೊಳವೆ ಬಾಗುತ್ತದೆ. ಎದುರುಬದುರು ಎರಡೆರಡು ಸೆಂಟಿಮೀಟರ್ ಹಾಕಿ, ಆರಲು ಬಿಟ್ಟು, ಮತ್ತೆ ಹಾಕಬೇಕು. ಬಾಗಿದ ಬೀಮ್‌ನಲ್ಲಿ ಎಡ-ಬಲ ಚಕ್ರಗಳ ಕೋನ ಬೇರೆಬೇರೆಯಾದರೆ ಅಲೈನ್‌ಮೆಂಟ್ ಯಂತ್ರ ಅದನ್ನು ಪೂರ್ತಿ ಸರಿಮಾಡಲಾರದು.

ಆ ಧಡ್ ಯಾಕೆ? ಸ್ಪ್ರಿಂಗ್ ಗಟ್ಟಿಯಾಯಿತು ಅಂತ ಬಹಳ ಜನ ತಿಳಿಯುತ್ತಾರೆ. ಪಟ್ಟಿಗಳು ಅವೇ, ಗಟ್ಟಿತನ ಬದಲಾಗಿಲ್ಲ. ಬದಲಾದದ್ದು ಜಾಗ. ಅಡ್ಜಸ್ಟರ್ ತಿರುಗಿಸಿದಾಗ ಕೊಳವೆಯಿಂದ ಚಕ್ರಕ್ಕೆ ಚಾಚಿದ ಟ್ರೇಲಿಂಗ್ ಆರ್ಮ್‌ಗಳು ನಿಂತಲ್ಲೇ ಮೇಲಕ್ಕೆ ಮುಖಮಾಡುತ್ತವೆ, ಅಂದರೆ ಗಾಡಿ ನಿಂತಾಗಲೇ ಸಸ್ಪೆನ್ಶನ್ ತನ್ನ ಮೇಲ್ಮುಖದ ಓಟದ ಬಹುಪಾಲನ್ನು ಖರ್ಚು ಮಾಡಿಕೊಂಡಿರುತ್ತದೆ. ಉಳಿದಷ್ಟು ಮುಗಿದೊಡನೆ ಆರ್ಮ್ ರಬ್ಬರ್ ಸ್ಟಾಪ್‌ಗೆ ಬಡಿಯುತ್ತದೆ. ಉದ್ದನೆಯ ಹಳೇ ಶಾಕಪ್ ಹಾಗೇ ಬಿಟ್ಟಿದ್ದರೆ ಅದೂ ಒಳಗೆ ತಳ ಮುಟ್ಟುತ್ತದೆ. ಗಿಡ್ಡ ಶಾಕಪ್ ಹಾಕಿ, ರಬ್ಬರ್ ಸ್ಟಾಪನ್ನು ಅರ್ಧ ಕತ್ತರಿಸಿ ಸದ್ದು ಕಡಿಮೆ ಮಾಡಬಹುದು. ಆದರೆ ಆಗ ಪೆಟ್ಟು ತಿನ್ನುವುದು ಬಾಲ್ ಜಾಯಿಂಟ್. ಅದರ ಪಿನ್ ವಾಲಲು ಒಂದು ಮಿತಿಯಿದೆ. 50 ಮಿ.ಮೀ. ದಾಟಿ ತಗ್ಗಿಸಿದರೆ ಗುಂಡಿಯಲ್ಲಿ ಪಿನ್ ಬಟ್ಟಲಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಮೊದಲು ರಬ್ಬರ್ ಬೂಟ್ ಹರಿಯುತ್ತದೆ, ಮಳೆನೀರು ಒಳಗೆ ಹೋಗುತ್ತದೆ, ಜಾಯಿಂಟ್ ಸಡಿಲವಾಗುತ್ತದೆ. ಆಮೇಲೂ ಓಡಿಸಿದರೆ ಪಿನ್ ಮುರಿಯುವ ಅಪಾಯವಿದೆ. ಹಾಗಾಗಿ ‘ಎಷ್ಟು ಬೇಕೋ ಅಷ್ಟು ಇಳಿಸಿ’ ಅನ್ನುವ ಮಾತನ್ನು ಬಾಲ್ ಜಾಯಿಂಟ್ ಗಾಡಿಯವರು ನಂಬಬಾರದು.

ಎರಡನೆಯ ತೊಂದರೆ ಹೆದ್ದಾರಿಯಲ್ಲಿ ಗೊತ್ತಾಗುತ್ತದೆ. ತುಮಕೂರು ರಸ್ತೆಯಲ್ಲಿ 80 ದಾಟಿದ ಮೇಲೆ ಬಸ್ಸೊಂದು ಪಕ್ಕದಲ್ಲಿ ಹೋದರೆ ಗಾಡಿಯ ಮೂತಿ ತೇಲುತ್ತದೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಇದಕ್ಕೆ ಕಾರಣ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ. ಬೀಟಲ್‌ನಲ್ಲಿ ಆರ್ಮ್ ಎಷ್ಟು ತಿರುಗಿದರೂ ಕ್ಯಾಸ್ಟರ್ ಬದಲಾಗದು, ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಕೂಡ. ಆದರೆ ಮುಂದೆ ಮಾತ್ರ ತಗ್ಗಿಸಿ ಹಿಂದೆ ಬಿಟ್ಟರೆ ಇಡೀ ಗಾಡಿಯೇ ಮುಂದಕ್ಕೆ ವಾಲುತ್ತದಲ್ಲ, ಅಷ್ಟೂ ಡಿಗ್ರಿ ಕ್ಯಾಸ್ಟರ್‌ನಿಂದ ಕಳೆಯುತ್ತದೆ. ವ್ಹೀಲ್‌ಬೇಸ್ 2400 ಮಿ.ಮೀ. ಮುಂಭಾಗ ಹಿಂಭಾಗಕ್ಕಿಂತ 75 ಮಿ.ಮೀ. ಹೆಚ್ಚು ತಗ್ಗಿದರೆ ಸುಮಾರು 1.8 ಡಿಗ್ರಿ ಹೋಯಿತು. ಇರುವುದೇ ಮೂರೂ ಚಿಲ್ಲರೆ ಡಿಗ್ರಿ. ಇದಕ್ಕೆ ಮದ್ದು ಕ್ಯಾಸ್ಟರ್ ಶಿಮ್: ಬೀಮನ್ನು ಚಾಸಿಗೆ ಹಿಡಿಯುವ ನಾಲ್ಕು ಬೋಲ್ಟ್‌ಗಳ ಪೈಕಿ ಕೆಳಗಿನ ಎರಡರ ಹಿಂದೆ ತಗಡು ಕೊಟ್ಟು ಕೆಳಗಿನ ಕೊಳವೆಯನ್ನು ಮುಂದಕ್ಕೆ ತಳ್ಳುವುದು. ಅಂದಾಜು 2.5 ಮಿ.ಮೀ.ಗೆ ಒಂದು ಡಿಗ್ರಿ ಸಿಗುತ್ತದೆ. 5 ಮಿ.ಮೀ. ಕೊಡುವುದಾದರೆ ಬೋಲ್ಟ್ ಕೂಡ ಅಷ್ಟೇ ಉದ್ದ ಹೆಚ್ಚಿರಬೇಕು, ಇಲ್ಲದಿದ್ದರೆ ಹಿಡಿಯಲು ಮರೆ (ಥ್ರೆಡ್) ಸಾಲದು. ಇದರ ಜೊತೆ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ಗಳೂ ಓರೆಯಾಗಿರುವುದರಿಂದ ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಬದಲಾಗಿರುತ್ತದೆ. ಅದನ್ನು ಕಂಪನಿ ಹೇಳುವ 30 ಮಿನಿಟ್ (ಅರ್ಧ ಡಿಗ್ರಿ) ಟೋ-ಇನ್‌ಗೆ, ರಿಮ್ ಅಂಚಿನಲ್ಲಿ ಅಳೆದರೆ 3 ಮಿ.ಮೀ. ಚಿಲ್ಲರೆಗೆ, ಮರಳಿ ತರಬೇಕು.

ಮುಂದೆ ಸಣ್ಣ ಟೈರ್ ಹಾಕುವ ಚಾಳಿ ಬಗ್ಗೆ ಒಂದು ಮಾತು. 165/80 ಆರ್ 15 ತೆಗೆದು 145/65 ಆರ್ 15 ಹಾಕಿದರೆ ಏನನ್ನೂ ಬಿಚ್ಚದೆ 38 ಮಿ.ಮೀ. ತಗ್ಗುತ್ತದೆ, ಮಡ್‌ಗಾರ್ಡ್‌ಗೆ ಉಜ್ಜುವುದೂ ನಿಲ್ಲುತ್ತದೆ. ಆದರೆ ಬೀಟಲ್‌ನ ಸ್ಪೀಡೋಮೀಟರ್ ಕೇಬಲ್ ತಿರುಗುವುದು ಮುಂದಿನ ಚಕ್ರದ ಹಬ್‌ನಿಂದ. 60ರಲ್ಲಿ ಹೋಗುತ್ತಿದ್ದರೆ ಮುಳ್ಳು 68 ತೋರಿಸುತ್ತದೆ, ಓಡಿದ ಕಿಲೋಮೀಟರ್ ಲೆಕ್ಕವೂ ಅಷ್ಟೇ ತಪ್ಪುತ್ತದೆ. ಮೈಲೇಜ್ ಚೆನ್ನಾಗಿ ಬಂತೆಂದು ಹಿಗ್ಗುವ ಮುಂಚೆ ಇದನ್ನು ಕಳೆದು ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಬೀಟಲ್ ತಗ್ಗಿಸಬೇಡಿ ಅಂತ ಹೇಳಲು ನನಗೆ ಮನಸ್ಸಿಲ್ಲ. ದಾರಿ ಬೇರೆ ಇದೆ, ಅಷ್ಟೆ. ಡ್ರಾಪ್ ಸ್ಪಿಂಡಲ್ ಅನ್ನುವ ಭಾಗದಲ್ಲಿ ಚಕ್ರ ಕೂರುವ ಸ್ಟಬ್ಬನ್ನೇ ಎರಡೂವರೆ ಇಂಚು, ಅಂದರೆ 63 ಮಿ.ಮೀ., ಮೇಲಕ್ಕೆ ಎತ್ತಿ ಮಾಡಿರುತ್ತಾರೆ. ಗಾಡಿ 63 ಮಿ.ಮೀ. ತಗ್ಗುತ್ತದೆ. ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್, ಶಾಕಪ್ ಎಲ್ಲವೂ ಕಂಪನಿ ಕೊಟ್ಟ ಕೋನದಲ್ಲೇ ಇರುತ್ತವೆ. ಸಸ್ಪೆನ್ಶನ್ ಓಟ ಪೂರ್ತಿ ಉಳಿಯುತ್ತದೆ. ಸ್ಪಿಂಡಲ್ ಹಾಕಿ ಅಡ್ಜಸ್ಟರನ್ನು ಮೂಲ ಎತ್ತರಕ್ಕೆ ವಾಪಸ್ ತಿರುಗಿಸಿದ ದಿನವೇ ಆ ಧಡ್ ಸದ್ದು ಹೋಯಿತು. ಗಾಡಿಯ ನಿಲುವು ಮೊದಲಿನಷ್ಟೇ ತಗ್ಗು, ಕಾಲುವೆ ದಾಟುವಾಗ ಮಾತ್ರ ಹಳೇ ಬೀಟಲ್‌ನ ಆ ಮೆತ್ತನೆ ತೂಗು. ಇದಕ್ಕೂ ಬೆಲೆ ತೆರಬೇಕು: ಚಕ್ರ ಪ್ರತಿ ಬದಿಗೂ 10ರಿಂದ 13 ಮಿ.ಮೀ. ಹೊರಗೆ ಬರುತ್ತದೆ, ಅಗಲ ಟೈರ್ ಇದ್ದರೆ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ತುಟಿಗೆ ತಾಗುತ್ತದೆ. ಹೊರದೇಶದಿಂದ ತರಿಸಬೇಕು, ಭಾರದ ಉಕ್ಕು, ಕೊರಿಯರ್ ಮತ್ತು ಸುಂಕ ಸೇರಿದರೆ ಅಡ್ಜಸ್ಟರ್‌ಗಿಂತ ದುಬಾರಿ. ಅಡ್ಜಸ್ಟರ್‌ಗೆ ವೆಲ್ಡಿಂಗ್ ಕೂಲಿ, ಗಿಡ್ಡ ಶಾಕಪ್, ಶಿಮ್, ವರ್ಷಕ್ಕೊಮ್ಮೆ ಬಾಲ್ ಜಾಯಿಂಟ್ ಸೇರಿಸಿ ನೋಡಿದರೆ ಆ ವ್ಯತ್ಯಾಸ ಬಹುಪಾಲು ಕರಗುತ್ತದೆ.

ಹಿಂಭಾಗಕ್ಕೆ ಬರೋಣ, ಇಲ್ಲಿ ಖುಷಿಯ ವಿಷಯವೇ ಹೆಚ್ಚು. ಹಿಂದೆ ಸ್ಪ್ರಿಂಗ್ ಆಗಿ ತಿರುಚಿಕೊಳ್ಳುವ ಉಕ್ಕಿನ ಸರಳಾದ ಟಾರ್ಶನ್ ಬಾರ್‌ನ ಒಳತುದಿಗೆ 40 ಹಲ್ಲು, ಹೊರತುದಿಗೆ 44. ಒಳಗೆ ಒಂದು ಹಲ್ಲು ತಿರುಗಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು 8 ಡಿಗ್ರಿ 11 ಮಿನಿಟ್. ಒಳಗಿನದನ್ನು ಮೇಲಕ್ಕೆ, ಹೊರಗಿನದನ್ನು ಕೆಳಕ್ಕೆ ಒಂದೊಂದು ಹಲ್ಲು ತಿರುಗಿಸಿದರೆ ಸಿಗುವ ವ್ಯತ್ಯಾಸ ಬರೀ 49 ಮಿನಿಟ್. ಟಾರ್ಶನ್ ಬಾರ್‌ನಿಂದ ಚಕ್ರದ ನಡುವಿಗೆ ಸುಮಾರು 40 ಸೆಂಟಿಮೀಟರ್ ದೂರ, ಹಾಗಾಗಿ ಪ್ರತಿ ಹೆಜ್ಜೆಗೂ 6 ಮಿ.ಮೀ.ಗಿಂತ ಕಡಿಮೆ. ಯಾವ ಅಡ್ಜಸ್ಟರೂ ಇಲ್ಲದೆ ಇಷ್ಟು ನವಿರಾದ ಹೊಂದಾಣಿಕೆಯನ್ನು ಬರೀ ಹಲ್ಲಿನ ಲೆಕ್ಕದಲ್ಲಿ ಅಡಗಿಸಿಟ್ಟವರ ಬುದ್ಧಿಗೆ ಪ್ರತಿಸಲವೂ ಕೈಮುಗಿಯಬೇಕೆನಿಸುತ್ತದೆ.

ಹೊರಗಿನ ಒಂದೇ ಹಲ್ಲು ಹಾರಿಸುವುದು ಸುಲಭದ ದಾರಿ, 57 ಮಿ.ಮೀ. ತಗ್ಗುತ್ತದೆ. ಸ್ವಿಂಗ್ ಆಕ್ಸಲ್‌ನಲ್ಲಿ ಅದು ಅತಿಯಾಯಿತು. ಗೇರ್‌ಬಾಕ್ಸ್ ಪಕ್ಕದ ಒಂದೇ ಕೀಲಿನ ಮೇಲೆ ಇಡೀ ಆಕ್ಸಲ್ ತಿರುಗುವುದರಿಂದ ಚಕ್ರದ ತಲೆ ಹತ್ತಿರ ಹತ್ತಿರ 5 ಡಿಗ್ರಿ ಒಳಕ್ಕೆ ವಾಲುತ್ತದೆ, ಟೈರಿನ ಒಳಅಂಚು ಮಾತ್ರ ಸವೆಯುತ್ತದೆ. ಏಳು ಹಲ್ಲು ಒಳಗೆ ಮೇಲಕ್ಕೆ, ಏಳು ಹಲ್ಲು ಹೊರಗೆ ಕೆಳಕ್ಕೆ: ನಿವ್ವಳ 5 ಡಿಗ್ರಿ 44 ಮಿನಿಟ್, ಸುಮಾರು 40 ಮಿ.ಮೀ. ಮೂಲದಲ್ಲಿ 17 ಡಿಗ್ರಿ 30 ಮಿನಿಟ್ ಇದ್ದ ಸ್ಪ್ರಿಂಗ್ ಪ್ಲೇಟ್ (ಟಾರ್ಶನ್ ಬಾರ್‌ನ ಹೊರತುದಿಯನ್ನು ಆಕ್ಸಲ್‌ಗೆ ಜೋಡಿಸುವ ಉಕ್ಕಿನ ಪಟ್ಟಿ) ಕೋನ 11 ಡಿಗ್ರಿ 46 ಮಿನಿಟ್‌ಗೆ ಬರುತ್ತದೆ. ನಮ್ಮ ರಸ್ತೆಗೆ ಇದು ಒಪ್ಪುವ ಅಳತೆ. ಮುಂಭಾಗದ 63ಕ್ಕೂ ಇದಕ್ಕೂ ವ್ಯತ್ಯಾಸ 23 ಮಿ.ಮೀ., ಕ್ಯಾಸ್ಟರ್ ನಷ್ಟ ಅರ್ಧ ಡಿಗ್ರಿ, ತೆಳು ಶಿಮ್ ಒಂದು ಸಾಕು.

ಕೆಲಸ ಶುರುಮಾಡುವ ಮುನ್ನ ಸ್ಪ್ರಿಂಗ್ ಪ್ಲೇಟ್ ಮತ್ತು ಆಕ್ಸಲ್ ಕೂಡುವ ಜಾಗದಲ್ಲಿ ಚಾಣದಿಂದ ಒಂದು ಗೆರೆ ಹೊಡೆಯಿರಿ. ಹಿಂದಿನ ಟೋ ನಿರ್ಧಾರವಾಗುವುದು ಅಲ್ಲೇ. ಪ್ಲೇಟ್ ತನ್ನ ಸ್ಟಾಪ್ ಮೇಲೆ ಬಿಗಿತದಲ್ಲಿ ಕೂತಿರುತ್ತದೆ. ಕೆಳಗೆ ಜಾಕ್ ಕೊಟ್ಟು, ಚೈನ್ ಸುತ್ತಿ, ಎದುರಿಗೆ ನಿಲ್ಲದೆ ಪಕ್ಕದಿಂದ ಮೀಟಿ ಇಳಿಸಬೇಕು. ತಪ್ಪಿ ಜಾರಿದರೆ ಕಾಲು ಮುರಿಯುವಷ್ಟು ಜೋರಾಗಿ ಬಡಿಯುತ್ತದೆ. ಕೋನ ಅಳೆಯುವಾಗ ಗಾಡಿಯೇ ಒಂದೆರಡು ಡಿಗ್ರಿ ಓರೆ ನಿಂತಿರಬಹುದು. ಬಾಗಿಲಿನ ಹೊಸ್ತಿಲ ಮೇಲೆ ಮೊದಲು ಅಳೆದು ಅದನ್ನು ಕೂಡಿಸಿ ಕಳೆದು ಲೆಕ್ಕ ಹಾಕಿ. ರಬ್ಬರ್ ಬುಷ್‌ಗಳ ಮೇಲೆ ಜರ್ಮನ್‌ನಲ್ಲಿ ‘ಓಬೆನ್’ ಎಂದು ಬರೆದಿರುತ್ತದೆ, ಮೇಲೆ ಎಂದರ್ಥ. ಆ ಬದಿ ಮೇಲೇ ಬರಬೇಕು. ಬುಷ್‌ಗೆ ಟಾಲ್ಕಮ್ ಪೌಡರ್ ಮಾತ್ರ, ಎಣ್ಣೆ ಗ್ರೀಸು ಮುಟ್ಟಿಸಿದರೆ ರಬ್ಬರ್ ಊದಿ ಕೆಡುತ್ತದೆ. ಖರ್ಚು ನಾಲ್ಕು ಬುಷ್ಷು ಮತ್ತು ಒಂದು ಪೂರ್ತಿ ದಿನ.

ಹಂಪ್ ದಾಟುತ್ತದಾ? ಎಲ್ಲರೂ ಕೇಳುವುದು ಇದೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಬೀಟಲ್‌ನ ನಾಲ್ಕೂ ಚಕ್ರ ಅದರ ಮೇಲೇ ಇರುವಾಗ ಹೊಟ್ಟೆ ಕೆಳಗೆ ಬೇಕಾಗುವುದು 42 ಮಿ.ಮೀ. ಅಷ್ಟೇ, ತಗ್ಗಿಸಿದ ಗಾಡಿಯೂ ಆರಾಮಾಗಿ ದಾಟುತ್ತದೆ. ತೊಂದರೆ ಊರವರು ರಾತ್ರೋರಾತ್ರಿ ಹಾಕಿದ ಗಿಡ್ಡ ದಿಬ್ಬದ್ದು. ಅಗಲ ಮೊಳದಷ್ಟೂ ಇರದು, ಎತ್ತರ ಮಾತ್ರ ಅದೇ 10 ಸೆಂಟಿಮೀಟರ್. ಆಗ ಪೂರ್ತಿ ಎತ್ತರ ನಿಮ್ಮ ಹೊಟ್ಟೆ ಕೆಳಗೆ ಬರುತ್ತದೆ. ಮುಂದೆ ಕೆಳಗಿನ ಕೊಳವೆ ಉಜ್ಜಿದರೆ ಬಣ್ಣ ಹೋಗಬಹುದು. ಹಿಂದೆ ಆಯಿಲ್ ಸಂಪಿನ ಗುಂಡು ತಟ್ಟೆಗೆ ತಾಗಿದರೆ ಆರು ಸಣ್ಣ ನಟ್‌ಗಳ ಪೈಕಿ ಒಂದು ಎಳೆದು, ಎಂಜಿನ್ ಆಯಿಲ್ ಸೋರಲು ಶುರು. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಿ.

ವಾರಕ್ಕೊಮ್ಮೆ, ಗಾಡಿ ತಣ್ಣಗಿರುವಾಗ, ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ತುಟಿಗೆ ಟೇಪ್ ಹಿಡಿಯುವುದು ಈ ಗಾಡಿಯ ಜೊತೆ ಬಂದ ಒಳ್ಳೆಯ ಅಭ್ಯಾಸ. ಮೊದಲು ಗಾಳಿ: ಮುಂದೆ 18, ಹಿಂದೆ 27. ಆಮೇಲೆ ಪೆಟ್ರೋಲ್ ನೋಡಿ. ಟ್ಯಾಂಕ್ ಮುಂದಿದೆ, 40 ಲೀಟರ್, ತುಂಬಿದ್ದಕ್ಕೂ ಖಾಲಿಗೂ 30 ಕೆ.ಜಿ. ವ್ಯತ್ಯಾಸ, ಹಾಗಾಗಿ ಯಾವಾಗಲೂ ಅರ್ಧ ಟ್ಯಾಂಕಿನಲ್ಲಿ ಅಳೆಯಿರಿ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ನಾಲ್ಕು ಸಂಖ್ಯೆಗಳಲ್ಲಿ ಒಂದು 5 ಮಿ.ಮೀ. ಕುಸಿದರೆ ಯಾವುದೋ ಬುಷ್ ಅಥವಾ ಅಡ್ಜಸ್ಟರ್ ಬೋಲ್ಟ್ ಜಾರಿದೆ ಅಂತ ಅರ್ಥ. 5000 ಕಿಲೋಮೀಟರಿಗೊಮ್ಮೆ ಮುಂಭಾಗ ಎತ್ತಿ, ಚಕ್ರ ತೂಗಾಡುವಂತೆ ಬಿಟ್ಟು, ಬೀಮ್‌ನ ನಾಲ್ಕೂ ನಿಪ್ಪಲ್‌ಗೆ ಹೊಸ ಗ್ರೀಸ್ ಹೊರಗೆ ಬರುವ ತನಕ ಗನ್ ಒತ್ತಬೇಕು. ಮಳೆಗಾಲ ಮುಗಿದ ಮೇಲೆ ಕಂದು ನೀರು ಬೆರೆತ ಹಳೇ ಗ್ರೀಸ್ ಬಂದರೆ ಹೆದರಬೇಡಿ, ಅದು ಹೊರಗೆ ಬಂದದ್ದೇ ಒಳ್ಳೆಯದು.

ಮೂಲ ಬೀಮ್, ಮೂಲ ಸ್ಪಿಂಡಲ್ ಮಾರಬೇಡಿ, ಎಣ್ಣೆ ಹಚ್ಚಿ ಚೀಟಿ ಕಟ್ಟಿ ಇಡಿ. ಐವತ್ತು ವರ್ಷ ದಾಟಿದ ಗಾಡಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಮೂಲ ರೂಪವನ್ನೇ ಕೇಳುತ್ತದೆ. ಸ್ಪಿಂಡಲ್ ಬಿಚ್ಚಿ ಹಳೆಯದು ಹಾಕಬಹುದು, ಹಲ್ಲು ವಾಪಸ್ ತಿರುಗಿಸಬಹುದು, ಕತ್ತರಿಸಿದ ಬೀಮ್ ಮಾತ್ರ ಮೊದಲಿನಂತಾಗದು. ಇನ್ನು ಅಲೈನ್‌ಮೆಂಟ್‌ಗೆ ಅವಸರಪಟ್ಟು ದುಡ್ಡು ಕೊಡಬೇಡಿ: ಹೊಸ ಬುಷ್ ಕೂತು ಎತ್ತರ ನೆಲೆನಿಲ್ಲಲು 500 ಕಿಲೋಮೀಟರ್ ಬೇಕು, ಅಲ್ಲಿಯವರೆಗೆ ದಾರದಲ್ಲಿ ಕಟ್ಟಿ ನೋಡಿದ ಟೋ ಸಾಕು.